ಎಡಕ್ಕೆ ವಾಲಿದ ಮುದ್ರೆ

ಏಳಲ್ಲ, ಎಂಟು.

ರೈಲಿನ ಬಾಗಿಲಿಗೆ ಬೆನ್ನೊತ್ತಿ ನಿಂತಿದ್ದ ಇಸೊಗಾಯ್ ಇನ್ನೊಮ್ಮೆ ಲೆಕ್ಕ ಹಾಕಿದ. ಮತ್ತೆ ಎಂಟೇ ಬಂತು. ಬಾಗಿಲ ಮೇಲಿನ ಪುಟ್ಟ ಪರದೆ ಜನವರಿ ಏಳು, ಮಂಗಳವಾರ ಎಂದು ತೋರಿಸಿತು. ಆಮೇಲೆ ಹವಾಮಾನ, ಆಮೇಲೆ ಯಾವುದೋ ಟೂತ್‌ಪೇಸ್ಟು, ಮತ್ತೆ ಜನವರಿ ಏಳು. ಅವನ ಹೊಟ್ಟೆಯಲ್ಲಿ ಏಳು ಸೊಪ್ಪಿನ ಗಂಜಿ ತಣ್ಣಗೆ ಕೂತಿತ್ತು.

ಪ್ರತಿವರ್ಷ ಈ ದಿನ ಬೆಳಿಗ್ಗೆ ಜಪಾನಿನಲ್ಲಿ ಊರಿಗೆ ಊರೇ ತಿನ್ನುವ ಗಂಜಿ. ಹೊಸವರ್ಷದಲ್ಲಿ ತಿಂದುಂಡ ಹೊಟ್ಟೆಗೆ ವಿಶ್ರಾಂತಿಯಂತೆ. ಹೆಂಡತಿ ಸಯೊಕೊ ಏಳೂ ಸೊಪ್ಪನ್ನು ಒಂದೇ ಪೊಟ್ಟಣದಲ್ಲಿ ಅಂಗಡಿಯಿಂದ ತಂದಿದ್ದಳು. ಉಪ್ಪು ಸರಿಯಿದೆಯಾ ಎಂದು ಕೇಳಿದಳು. ಅವನು ಹೂಂ ಎಂದ. ಉಪ್ಪನ್ನೇ ಹಾಕಿಲ್ಲವೆಂದು ಅವಳಿಗೆ ತಾನು ತಿನ್ನಲು ಕೂತಾಗ ಗೊತ್ತಾಯಿತು. ಇಬ್ಬರೂ ಬಟ್ಟಲು ಖಾಲಿ ಮಾಡಿದರು.

ನಿನ್ನೆ ಸಂಜೆ ಅವನ ಮೇಜಿಗೆ ಒಂದು ಚೀಟಿ ಬಂದಿತ್ತು. ಅವನು ಕೆಲಸ ಮಾಡುವ ವಲಸೆ ಕಚೇರಿಯ ಆರನೆಯ ಮಹಡಿಯಲ್ಲಿ ವಿದೇಶಿಯರನ್ನು ಹಿಡಿದಿಡುವ, ಬೀಗ ಹಾಕಿದ ಕೋಣೆಗಳಿವೆ, ಅಲ್ಲಿಂದ ಬಂದದ್ದು. ಜೆನೆಬೆಚ್, ಇಥಿಯೋಪಿಯಾ, ಹೆಂಗಸು, ವಯಸ್ಸು ಮೂವತ್ತನಾಲ್ಕು. ತಂದಿಟ್ಟ ದಿನದಿಂದ ಮಾಂಸ, ಮೊಟ್ಟೆ, ಹಾಲು ಮುಟ್ಟಿಲ್ಲ. ವಿಚಾರಿಸಿದ್ದಕ್ಕೆ, ಜನವರಿ ಏಳಕ್ಕೆ ನಮ್ಮ ಕ್ರಿಸ್‌ಮಸ್, ಅಲ್ಲಿಯವರೆಗೆ ವ್ರತ ಎಂದಳು. ಉಪವಾಸ ಮುಷ್ಕರವಲ್ಲ. ಪ್ರಯಾಣಕ್ಕೆ ಅಡ್ಡಿಯಿಲ್ಲ. ಇಸೊಗಾಯ್ ಓದಿ, ಸಹಿಯ ಜಾಗದಲ್ಲಿ ತನ್ನ ಹೆಸರಿನ ಮುದ್ರೆ ಒತ್ತಿ, ಕಳಿಸಿದ್ದ.

ಪ್ರಯಾಣ ಎಂದರೆ ಇವತ್ತು. ಮೂರು ಗಂಟೆಗೆ ವ್ಯಾನು, ಅಲ್ಲಿಂದ ವಿಮಾನ ನಿಲ್ದಾಣ. ಆಶ್ರಯ ಕೊಡಿ ಎಂದು ಐದು ವರ್ಷ ಕೇಳುತ್ತಿದ್ದವಳನ್ನು ಅವಳು ಓಡಿಬಂದ ಊರಿಗೇ ಬಿಟ್ಟುಬರುವುದನ್ನು ಕಚೇರಿಯ ಭಾಷೆಯಲ್ಲಿ ಪ್ರಯಾಣ ಎನ್ನುತ್ತಾರೆ. ಮೊದಲೆಲ್ಲ ಅರ್ಜಿ ವಿಚಾರಣೆಯಲ್ಲಿದ್ದಷ್ಟು ದಿನ ಯಾರನ್ನೂ ಹೀಗೆ ಕಳಿಸುವಂತಿರಲಿಲ್ಲ. ಕಳೆದ ಜೂನಿನಿಂದ ಕಾನೂನು ಬದಲಾಗಿದೆ. ಮೂರನೆಯ ಅರ್ಜಿಗೆ ಆ ರಕ್ಷಣೆ ಇಲ್ಲ. ಇವಳದು ಮೂರನೆಯದು.

ಕ್ರಿಸ್‌ಮಸ್ ಜನವರಿಯಲ್ಲಿ. ಹಾಗಾದರೆ ಹೊಸವರ್ಷ ಯಾವಾಗ? ಸೆಪ್ಟೆಂಬರಿನಲ್ಲಿ. ಅದು ಅವನಿಗೆ ಗೊತ್ತಿದ್ದದ್ದೇ. ವಿಶ್ವವಿದ್ಯಾಲಯದಲ್ಲಿ ಅವನು ಪ್ರಬಂಧ ಬರೆದದ್ದು ಹಳೆಯ ಪಂಚಾಂಗಗಳ ಮೇಲೆ. ಇಡೀ ಕಚೇರಿಯಲ್ಲಿ ಇಥಿಯೋಪಿಯಾದ ವರ್ಷ ನಮಗಿಂತ ಹಿಂದೆ ಓಡುತ್ತದೆಂದು ಕೇಳದೆಯೇ ತಿಳಿದಿದ್ದವನು ಅವನೊಬ್ಬ. ಅವರ ವರ್ಷಕ್ಕೆ ಏಳು ಕೂಡಿಸಿದರೆ ಲೋಕದ ವರ್ಷ ಸಿಗುತ್ತದೆ. ಆದರೆ ಅದು ಡಿಸೆಂಬರ್ ಮುಗಿಯುವವರೆಗೆ ಮಾತ್ರ. ಜನವರಿ ಒಂದಕ್ಕೆ ಲೋಕದ ವರ್ಷ ಬದಲಾಗುತ್ತದೆ, ಅವರದು ಸೆಪ್ಟೆಂಬರಿನವರೆಗೆ ಹಳೆಯದೇ. ಆಗ ಎಂಟು ಕೂಡಿಸಬೇಕು.

ಅವನು ಎಲ್ಲದಕ್ಕೂ ಏಳೇ ಕೂಡಿಸಿದ್ದ.

ರೈಲು ಸೇತುವೆಯ ಮೇಲೆ ಬಂತು. ಕೊಲ್ಲಿಯ ನೀರು ಬೂದಿ ಬಣ್ಣದಲ್ಲಿತ್ತು. ಎದುರಿಗಿದ್ದ ಹೆಂಗಸು ತನ್ನನ್ನೇ ಯಾಕೆ ನೋಡುತ್ತಿದ್ದಾಳೆ ಎಂದು ಇಸೊಗಾಯ್‌ಗೆ ಅರ್ಥವಾಗಲಿಲ್ಲ. ತಾನು ಬೆರಳು ಮಡಚಿ ಎಣಿಸುತ್ತಿದ್ದೇನೆಂದು ಆಮೇಲೆ ತಿಳಿಯಿತು. ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಜೆನೆಬೆಚ್‌ಳ ಕಡತ ನಾಲ್ಕು ಬೆರಳು ದಪ್ಪವಿತ್ತು. ಕಚೇರಿಗೆ ಬಂದವನೇ ಕೋಟು ಕೂಡ ಬಿಚ್ಚದೆ ತೆಗೆದ. ಮೊದಲ ವಿಚಾರಣೆ ಮಾಡಿದವನು ಅವನೇ. ಅವಳ ಅಣ್ಣ ಮೇಷ್ಟ್ರಾಗಿದ್ದ, ಸರ್ಕಾರದ ವಿರುದ್ಧ ಕರಪತ್ರ ಹಂಚಿದ್ದ. ಅಣ್ಣ ತಂಗಿ ಇಬ್ಬರನ್ನೂ ಒಂದೇ ದಿನ ಹಿಡಿದುಕೊಂಡು ಹೋದರು. ಅಣ್ಣ ವಾಪಸು ಬರಲಿಲ್ಲ. ಅವಳ ಅಂಗಾಲಿಗೆ ಹೊಡೆದಿದ್ದರು. ಬಿಟ್ಟ ಮೇಲೆ ಆಸ್ಪತ್ರೆಗೆ ಹೋಗಿದ್ದಳು. ಆಸ್ಪತ್ರೆಯ ಕಾಗದ ಕಡತದಲ್ಲಿದೆ. ಹಿಡಿದದ್ದು ಯಾವಾಗ ಎಂದು ಇಸೊಗಾಯ್ ಕೇಳಿದ್ದ. ತಿರ್ ತಿಂಗಳು, ಎರಡು ಸಾವಿರದ ಹನ್ನೊಂದು ಎಂದು ಅವಳು ತನ್ನ ಊರಿನ ಲೆಕ್ಕದಲ್ಲಿ ಹೇಳಿದ್ದಳು. ತಿರ್ ಎಂದರೆ ಜನವರಿ. ಹನ್ನೊಂದಕ್ಕೆ ಏಳು, ಹದಿನೆಂಟು. ಅದನ್ನು ನಮ್ಮ ಚಕ್ರವರ್ತಿಯ ಶಕೆಗೆ ತಿರುಗಿಸಿದರೆ ಹೆಯ್ಸೆಯ್ ಮೂವತ್ತು. ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷ್ ತಾರೀಖು ಇತ್ತು: ಎರಡು ಸಾವಿರದ ಹತ್ತೊಂಬತ್ತರ ಫೆಬ್ರವರಿ. ಹೆಯ್ಸೆಯ್ ಮೂವತ್ತೊಂದು.

ಅರ್ಜಿಯನ್ನು ತಳ್ಳಿಹಾಕಿದ ಪ್ಯಾರಾವನ್ನು ಅವನು ಬಹಳ ಚೆನ್ನಾಗಿ ಬರೆದಿದ್ದ. 'ಪೆಟ್ಟಿಗೂ ಚಿಕಿತ್ಸೆಗೂ ನಡುವೆ ಹದಿಮೂರು ತಿಂಗಳ ಅಂತರವಿದೆ. ತಾಜಾ ಗಾಯ ಎಂದು ವೈದ್ಯರು ಬರೆದಿರುವುದರಿಂದ, ಅರ್ಜಿದಾರಳ ಹೇಳಿಕೆ ನಂಬಲರ್ಹವಲ್ಲ.' ಎರಡನೆಯ ಅರ್ಜಿಯ ತೀರ್ಮಾನದಲ್ಲಿ ಇನ್ಯಾರೋ ಅದೇ ಪ್ಯಾರಾ ಇಳಿಸಿಕೊಂಡಿದ್ದರು. ಇನ್ನೂ ವಿಚಾರಣೆಯಲ್ಲಿದ್ದ ಮೂರನೆಯದರ ಟಿಪ್ಪಣಿಯಲ್ಲೂ ಅದೇ. ಐದು ವರ್ಷದಿಂದ ಅವಳನ್ನು ಸುಳ್ಳುಗಾತಿ ಎನ್ನುತ್ತ ಬಂದದ್ದು ಈ ಎರಡು ಸಾಲು. ಬೇರೆ ಕಾರಣವನ್ನು ಯಾರೂ ಹುಡುಕಿರಲಿಲ್ಲ, ಹುಡುಕುವ ಅಗತ್ಯ ಬಿದ್ದಿರಲಿಲ್ಲ.

ಕೊನೆಯ ಅರ್ಜಿಯ ಹಿಂದೆ ಅವಳ ಕೈಬರಹದ ಒಂದು ಹಾಳೆ ಪಿನ್ನು ಹಾಕಿ ಸೇರಿಸಿತ್ತು. ಅವಳ ಲಿಪಿ, ಓದಲು ಬಾರದು. ಮೂಲೆಯಲ್ಲಿ ಕಚೇರಿಯ ಷರಾ: ಜಪಾನಿ ಅನುವಾದ ಲಗತ್ತಿಸಿಲ್ಲ, ಪರಿಶೀಲಿಸಿಲ್ಲ. ಷರಾದ ಕೆಳಗೆ ಇಸೊಗಾಯ್‌ನ ಮುದ್ರೆ. ಹಾಳೆಯ ನಟ್ಟನಡುವೆ, ಆ ಲಿಪಿಯ ಸಾಲುಗಳ ಮಧ್ಯೆ, ಇಡೀ ಲೋಕ ಓದಬಲ್ಲ ಅಂಕಿಗಳಲ್ಲಿ ಒಂದು ಸಾಲು ಇತ್ತು. 2011 + 8 = 2019. ಕೆಳಗೆ ಎರಡು ಗೆರೆ ಎಳೆದಿದ್ದಳು. ಎರಡನೆಯ ಗೆರೆ ಕಾಗದವನ್ನು ಅಲ್ಲಲ್ಲಿ ಹರಿದಿತ್ತು.

ಒಂದನೇ ಕ್ಲಾಸಿನ ಲೆಕ್ಕ. ಇಸೊಗಾಯ್‌ಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಇದನ್ನು ಇನ್ಯಾರು ನೋಡಿರಬಹುದು ಎಂಬ ಯೋಚನೆಯೂ ಬಂತು. ಎರಡರಲ್ಲಿ ಯಾವುದು ಮೊದಲು ಬಂದದ್ದೆಂದು ಅವನಿಗೆ ಖಾತ್ರಿಯಿರಲಿಲ್ಲ.

ಎದುರಿನ ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಕೋಷ್ಟಕ ತೂಗುತ್ತಿತ್ತು. ಎಡಕ್ಕೆ ಇಥಿಯೋಪಿಯಾದ ವರ್ಷ, ನಡುವೆ ಲೋಕದ ವರ್ಷ, ಬಲಕ್ಕೆ ನಮ್ಮ ಶಕೆ. ಅವನೇ ಮಾಡಿದ್ದು. ಎಲ್ಲರೂ ಅದನ್ನು ಇಸೊಗಾಯ್ ಕೋಷ್ಟಕ ಎನ್ನುತ್ತಿದ್ದರು. ಒಂದು ವರ್ಷಾಂತ್ಯದ ಪಾರ್ಟಿಯಲ್ಲಿ ಅದರ ಹೆಸರಿನಲ್ಲಿ ಎಲ್ಲರೂ ಬಿಯರ್ ಗ್ಲಾಸು ಎತ್ತಿದ್ದರು. ಅವನ ಜೀವನದಲ್ಲಿ ಅವನ ಹೆಸರು ಇಟ್ಟಿದ್ದು ಅದೊಂದಕ್ಕೇ. ಮಕ್ಕಳಿರಲಿಲ್ಲ.

ವಿಭಾಗದ ಮುಖ್ಯಸ್ಥ ಹತ್ತೋರಿ ಮಾರ್ಚಿನಲ್ಲಿ ನಿವೃತ್ತಿಯಾಗುವವರು. ಒಳ್ಳೆಯ ಮನುಷ್ಯ ಎಂದು ಹೆಸರು. ಕೈಕೆಳಗಿನವರ ಹೆಂಡತಿಯರ ಕಾಯಿಲೆಗಳೆಲ್ಲ ಅವರಿಗೆ ನೆನಪಿರುತ್ತಿದ್ದವು. ಇಸೊಗಾಯ್ ಕಡತ ತೆರೆದು ತೋರಿಸಿದಾಗ ಅವರು ಕನ್ನಡಕ ಹಣೆಗೇರಿಸಿ ತಾಳ್ಮೆಯಿಂದ ಕೇಳಿಸಿಕೊಂಡರು. ತಾವೂ ಒಂದು ಕಾಗದದ ಚೂರಿನ ಮೇಲೆ ಕೂಡಿ ನೋಡಿದರು.

"ಎಂಟೇ ಕಣಯ್ಯ," ಎಂದರು. "ಸರಿಯಾಗಿ ಹಿಡಿದೆ."

"ತಪ್ಪು ನಂದೇ, ಸಾರ್."

"ತಪ್ಪು ಯಾರದು ಅಂತ ಈಗ ಯಾರು ಕೇಳಿದ್ರು? ಹಿಡಿದವನು ನೀನು. ಅದು ದೊಡ್ಡದು."

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಇಸೊಗಾಯ್‌ಗೆ. ಇವತ್ತು ಮೂರಕ್ಕೆ ವ್ಯಾನು ಎಂದು ನೆನಪಿಸಿದ. ಹೊಸ ಆಧಾರ ಸಿಕ್ಕರೆ ಮೂರನೆಯ ಅರ್ಜಿಯವರನ್ನೂ ಕಳಿಸುವಂತಿಲ್ಲ ಎಂದು ಅದೇ ಕಾನೂನಿನಲ್ಲಿ ಒಂದು ಸಾಲು ಇದೆಯಲ್ಲ ಎಂದ. ಆ ಸಾಲನ್ನು ಅವನು ಲಿಫ್ಟಿನಲ್ಲಿ ಎರಡು ಸಲ ಬಾಯಿಪಾಠ ಮಾಡಿಕೊಂಡು ಬಂದಿದ್ದ.

ಹತ್ತೋರಿ ಕನ್ನಡಕ ಇಳಿಸಿದರು. "ಆಧಾರ ಅವಳು ತರಬೇಕಪ್ಪ. ನಾವು ತಂದ್ರೆ ಅದು ತಿದ್ದುಪಡಿ."

"ಅವಳು ತಂದಿದಾಳೆ, ಸಾರ್. ಈ ಹಾಳೆ..."

"ಅನುವಾದ ಇದೆಯಾ?"

"ಇಲ್ಲ."

"ಹಾಗಿದ್ರೆ ತಂದಿಲ್ಲ ಅಂತ ತಾನೆ."

ಅವರ ದನಿಯಲ್ಲಿ ಗಡಸು ಇರಲಿಲ್ಲ. ಮಗುವಿಗೆ ಶೂ ಲೇಸು ಕಟ್ಟುವುದನ್ನು ಹೇಳಿಕೊಡುವಂತಿತ್ತು. ಗೋಡೆಯ ಕೋಷ್ಟಕದ ಕಡೆಗೆ ಗಲ್ಲ ಎತ್ತಿ, ಅದನ್ನು ನೋಡಿಕೊಂಡು ಎಷ್ಟು ಜನರ ತೀರ್ಮಾನ ಆಗಿದೆ ಎಂದು ಕೇಳಿದರು. ಇಸೊಗಾಯ್ ಗೊತ್ತಿಲ್ಲ ಎಂದ. ಗೊತ್ತಿತ್ತು. ಹತ್ತೋರಿಗೂ ಗೊತ್ತಿತ್ತೆಂದು ಅವರು ಮುಂದಕ್ಕೆ ಕೇಳದೇ ಇದ್ದದ್ದರಿಂದ ತಿಳಿಯಿತು.

"ನೋಡು, ಕಾಗದದಲ್ಲಿ ತಪ್ಪಿದ್ರೆ ತಿದ್ದಬೇಕು. ಖಂಡಿತ ತಿದ್ದೋಣ. ಮೂರು ಗಂಟೆ ಒಳಗೆ ತಿದ್ದೋಣ. ತಪ್ಪು ತಾರೀಖು ಇಟ್ಕೊಂಡು ಒಬ್ಬ ಮನುಷ್ಯನ್ನ ವಿಮಾನ ಹತ್ತಿಸೋದು ಅಂದ್ರೆ ಏನು? ನಾಚಿಕೆಗೇಡು."

ಇಸೊಗಾಯ್ ಒಂದು ಕ್ಷಣ ನಂಬಿದ. ನಂಬುವುದಕ್ಕೆ ಅವನು ಬೆಳಿಗ್ಗೆಯಿಂದ ಕಾಯುತ್ತಿದ್ದ.

ತಿದ್ದುವುದಕ್ಕೂ ಒಂದು ಕ್ರಮವಿದೆ. ತಪ್ಪು ಅಕ್ಷರದ ಮೇಲೆ ಅಡ್ಡಲಾಗಿ ಎರಡು ಗೆರೆ. ಗೆರೆಯ ಕೆಳಗೆ ಹಳೆಯದು ಓದಲು ಬರಬೇಕು. ಮೇಲೆ ಸರಿಯಾದದ್ದು. ಪಕ್ಕದಲ್ಲಿ, ಮೂಲ ಕಾಗದಕ್ಕೆ ಯಾರ್‍ಯಾರು ಒತ್ತಿದ್ದರೋ ಅವರೆಲ್ಲರ ತಿದ್ದುಪಡಿ ಮುದ್ರೆ, ಹೆಸರುಬೇಳೆಯಷ್ಟು ದಪ್ಪದ್ದು. ಇಸೊಗಾಯ್ ಅಡಿಪಟ್ಟಿ ಇಟ್ಟು ಗೆರೆ ಎಳೆದ. ಮೂವತ್ತು ಹೋಗಿ ಮೂವತ್ತೊಂದು ಬಂತು. ಹದಿಮೂರು ತಿಂಗಳು ಹೋಗಿ ಒಂದು ತಿಂಗಳು ಬಂತು. ಎರಡೇ ಕಡೆ ತಿದ್ದಬೇಕಿತ್ತು. ಆಮೇಲೆ ಆ ಪ್ಯಾರಾವನ್ನು ಓದಿದರೆ ಅದು ಅವಳ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಪೆಟ್ಟಿಗೂ ಚಿಕಿತ್ಸೆಗೂ ನಡುವೆ ಒಂದು ತಿಂಗಳು, ತಾಜಾ ಗಾಯ, ಆದ್ದರಿಂದ ನಂಬಲರ್ಹವಲ್ಲ.

ಹತ್ತೋರಿಯೂ ಓದಿದರು. ಕೊನೆಯಲ್ಲಿ ಒಂದು ಸಾಲು ಬೇಕಾಗುತ್ತೆ ಎಂದರು. ನೀನು ಬರವಣಿಗೆಯಲ್ಲಿ ಗಟ್ಟಿಗ, ನೀನೇ ಬರಿ ಎಂದರು.

"ಏನಂತ, ಸಾರ್?"

"ಏನಂತ ಬರಿಬೇಕು ಅಂತ ನಾನು ಹೇಳಿದ್ರೆ ಅದು ನಂದಾಗುತ್ತಲ್ಲಪ್ಪ."

ಅವನು ಮೇಜಿಗೆ ಬಂದು ಕೂತ. ಕಿಟಕಿಯಾಚೆ ಬಂದರಿನ ಕ್ರೇನುಗಳು ನಿಂತಿದ್ದವು. ಕೆಳಗೆ ಕಚೇರಿಯ ಬಾಗಿಲಿನಿಂದ ರಸ್ತೆಯವರೆಗೆ ಜನ ಸಾಲು ನಿಂತಿದ್ದರು, ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು, ಬಿಸಿಲು ಬಿದ್ದ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತ. ಬರೆಯುವುದಿಲ್ಲ ಎಂದುಕೊಂಡ. ಬರೆಯದಿದ್ದರೆ ಹತ್ತೋರಿ ಇನ್ನೊಬ್ಬರ ಕೈಯಲ್ಲಿ ಬರೆಸುತ್ತಾರೆ, ಅವರು ಕೆಟ್ಟದಾಗಿ ಬರೆಯುತ್ತಾರೆ ಎಂದುಕೊಂಡ. ಈ ಎರಡನೆಯ ಯೋಚನೆ ಎಷ್ಟು ಬೇಗ ಬಂತೆಂದು ನೋಡಿ ಅವನಿಗೇ ಹೇಸಿಗೆಯಾಯಿತು. ಅಷ್ಟರಲ್ಲಿ ಅರ್ಧ ಸಾಲು ಬರೆದಾಗಿತ್ತು.

'ಐದು ವರ್ಷಗಳಲ್ಲಿ ಅರ್ಜಿದಾರಳು ಸ್ವತಃ ಈ ಲೋಪವನ್ನು ಪರಿಶೀಲನಾರ್ಹ ರೀತಿಯಲ್ಲಿ ಎತ್ತಿ ತೋರಿಸಿಲ್ಲವಾದ್ದರಿಂದ, ಪ್ರಸ್ತುತ ತಿದ್ದುಪಡಿಯಿಂದ ತೀರ್ಮಾನಕ್ಕೆ ಬಾಧೆಯಿಲ್ಲ.'

'ಪರಿಶೀಲನಾರ್ಹ ರೀತಿಯಲ್ಲಿ' ಎಂಬುದು ಆಮೇಲೆ ಸೇರಿಸಿದ್ದು. ಅದರಿಂದ ಸಾಲು ಸುಳ್ಳಾಗದೆ ಉಳಿಯಿತು. ಹತ್ತೋರಿ ಅದರ ಮೇಲೆ ಬೆರಳಿಟ್ಟು, ಇದಕ್ಕೇ ನಿನಗೆ ಹೇಳಿದ್ದು ಎಂದರು.

ಇನ್ನು ಮುದ್ರೆ. ಈ ಕಚೇರಿಯಲ್ಲಿ ಮುದ್ರೆಯನ್ನು ನೆಟ್ಟಗೆ ಒತ್ತುವುದಿಲ್ಲ. ಯಾವ ನಿಯಮದ ಪುಸ್ತಕದಲ್ಲೂ ಇದು ಬರೆದಿಲ್ಲ. ಸಾಲಿನಲ್ಲಿ ಎಡಗಡೆಯ ಜಾಗ ದೊಡ್ಡವರದು, ಬಲಗಡೆಯದು ಚಿಕ್ಕವರದು. ಚಿಕ್ಕವರು ತಮ್ಮ ಹೆಸರನ್ನು ಕೊಂಚ ಎಡಕ್ಕೆ ವಾಲಿಸಿ ಒತ್ತಬೇಕು. ಹೆಸರು ಹೆಸರಿಗೆ ತಲೆಬಾಗಿಸಿ ನಿಂತಂತೆ ಕಾಣಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ಇಸೊಗಾಯ್ ಒಂದು ಕಾಗದಕ್ಕೆ ನೆಟ್ಟಗೆ ಒತ್ತಿದ್ದ. ಯಾರೂ ಏನೂ ಅನ್ನಲಿಲ್ಲ. ಕಾಗದ ಮಾತ್ರ ಮೂರು ದಿನ ಎಲ್ಲಿಗೂ ಹೋಗದೆ ಅವನ ಮೇಜಿನ ಮೇಲೇ ಬಿದ್ದಿತ್ತು.

ಇವತ್ತು ನೆಟ್ಟಗೆ ಒತ್ತುತ್ತೇನೆ ಎಂದುಕೊಂಡ. ಯಾರಿಗೂ ಹೇಳುವುದಿಲ್ಲ, ಸುಮ್ಮನೆ ನೆಟ್ಟಗೆ. ಇನ್ನು ಐವತ್ತು ವರ್ಷದ ಮೇಲೆ ಯಾರಾದರೂ ಈ ಕಡತ ತೆರೆದರೆ, ಇಲ್ಲಿ ಒಬ್ಬ ಒಪ್ಪಿರಲಿಲ್ಲ ಎಂದು ಅವರಿಗೆ ಗೊತ್ತಾಗಲಿ. ಈ ಯೋಚನೆ ಅವನಿಗೆ ಬಹಳ ಹಿಡಿಸಿತು. ಕೆಂಪು ಶಾಯಿಗೆ ಮುದ್ರೆ ತಾಗಿಸಿ, ಉಸಿರು ಬಿಗಿಹಿಡಿದು, ಒತ್ತಿ ತೆಗೆದ.

ಎಡಕ್ಕೆ ವಾಲಿತ್ತು. ಹತ್ತೊಂಬತ್ತು ವರ್ಷ ವಾಲಿದ ಕೈ.

ಇಲಾಖೆಯ ನಿರ್ದೇಶಕ ನಿಶಿಗಾಕಿಯವರ ಕೋಣೆ ಎಂಟನೆಯ ಮಹಡಿಯಲ್ಲಿ, ಸಮುದ್ರಕ್ಕೆ ಮುಖಮಾಡಿ ಇತ್ತು. ಮೇಜಿನ ಮೇಲೆ ಹೊಸವರ್ಷದ ಶುಭಾಶಯ ಪತ್ರಗಳ ಕಟ್ಟು. ಹತ್ತೋರಿ ಎರಡೇ ಮಾತಿನಲ್ಲಿ ವಿಷಯ ಹೇಳಿದರು: ತಾರೀಖು ಒಂದು ತಪ್ಪಿತ್ತು, ಇಸೊಗಾಯ್ ಕಂಡುಹಿಡಿದ, ತಿದ್ದಿದ್ದೇವೆ. ನಿರ್ದೇಶಕರು ಕಾಗದ ಓದಲಿಲ್ಲ. ತಿದ್ದುಪಡಿ ಮುದ್ರೆಯ ಡಬ್ಬಿ ತೆರೆದು, ಈ ಚಿಕ್ಕದನ್ನು ಒತ್ತುವುದೆಂದರೆ ತನಗೆ ತುಂಬ ಇಷ್ಟ, ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು ಎಂದರು. ಒತ್ತಿದ ಮೇಲೆ ಮೆಲ್ಲಗೆ ಊದಿದರು. ಅವರ ಎಡಕ್ಕೆ ಯಾರೂ ಇರಲಿಲ್ಲ, ಅವರದು ನೆಟ್ಟಗಿತ್ತು.

"ಏಳರ ಗಂಜಿ ತಿಂದ್ರಾ?" ಎಂದು ಇಸೊಗಾಯ್‌ನನ್ನು ಕೇಳಿದರು.

"ತಿಂದೆ, ಸಾರ್."

"ನಮ್ಮನೇಲಿ ಈ ಸಲ ಮರೆತೇಬಿಟ್ರು ನೋಡಿ."

ಕೆಳಗೆ ಬಂದಾಗ ಗೋಡೆಯ ಮೇಲೆ ಕೋಷ್ಟಕ ಇರಲಿಲ್ಲ. ಇದ್ದ ಜಾಗ ಮಿಕ್ಕ ಗೋಡೆಗಿಂತ ಬೆಳ್ಳಗಿತ್ತು, ನಾಲ್ಕು ಮೂಲೆಗೆ ನಾಲ್ಕು ಪಿನ್ನಿನ ತೂತು. ಅಕ್ಕಪಕ್ಕದವರು ಪರದೆ ನೋಡುತ್ತ ಟೈಪು ಮಾಡುತ್ತಿದ್ದರು. ಯಾರು ತೆಗೆದದ್ದೆಂದು ಅವನು ಕೇಳಲಿಲ್ಲ. ಕೇಳಿದ್ದರೆ, ಯಾವ ಕೋಷ್ಟಕ ಎನ್ನುತ್ತಿದ್ದರು ಎಂದು ಅವನಿಗೆ ಯಾಕೋ ಅನ್ನಿಸಿತು. ಡಬ್ಬಿಯ ಊಟ ಬಿಚ್ಚಿದ. ಸಯೊಕೊ ಇವತ್ತು ಅನ್ನಕ್ಕೆ ಉಪ್ಪು ಜಾಸ್ತಿ ಉದುರಿಸಿದ್ದಳು. ಬೆಳಗಿನದಕ್ಕೆ ಪರಿಹಾರವೋ, ಉತ್ತರವೋ. ಪೂರ್ತಿ ತಿಂದ.

ತಿದ್ದಿದ ತೀರ್ಮಾನ ಪತ್ರದ ಪ್ರತಿಯನ್ನು ಅರ್ಜಿದಾರಳಿಗೆ ಕೈಯಾರೆ ಕೊಟ್ಟು, ವಿಷಯ ತಿಳಿಸಿ, ಸಹಿ ಪಡೆಯಬೇಕು. ಅದಾಗದೆ ವ್ಯಾನು ಹೊರಡುವಂತಿಲ್ಲ. ತಪ್ಪು ಕಂಡುಹಿಡಿದವನೇ ಕೊಡಲಿ ಎಂದು ಹತ್ತೋರಿ ಹೇಳಿದರು. ಅದನ್ನೂ ಒಂದು ಗೌರವದಂತೆಯೇ ಹೇಳಿದರು.

ಎರಡೂವರೆಗೆ ಆರನೆಯ ಮಹಡಿಯ ಕೋಣೆಗೆ ಅವಳನ್ನು ಕರೆತಂದರು. ಕಿಟಕಿಯಿಲ್ಲದ ಕೋಣೆ, ಒಂದು ಮೇಜು, ಮೇಜಿನ ಮೇಲೆ ಟೆಲಿಫೋನು. ಐದು ವರ್ಷದ ಹಿಂದೆ ನೋಡಿದ್ದ ಮುಖ ಅವನಿಗೆ ನೆನಪಿರಲಿಲ್ಲ. ನಡಿಗೆ ನೆನಪಿತ್ತು: ಅಂಗಾಲನ್ನು ಪೂರ್ತಿ ಊರದೆ, ಪಾದದ ಹೊರ ಅಂಚಿನ ಮೇಲೆ, ಬಿಸಿ ನೆಲದ ಮೇಲೆ ಹೆಜ್ಜೆ ಇಡುವವಳ ಹಾಗೆ. ಅವತ್ತು ಅದನ್ನೂ ಗಮನಿಸಿದ್ದ, ಎಲ್ಲೂ ಬರೆದಿರಲಿಲ್ಲ. ಬಿಳಿ ಶಾಲು ಹೊದ್ದಿದ್ದಳು. ಹಬ್ಬದ ದಿನ. ಅವನನ್ನು ಕಂಡವಳೇ ಸೊಂಟದಿಂದ ಬಾಗಿ ನಮಸ್ಕರಿಸಿದಳು. ಈ ದೇಶ ಅವಳಿಗೆ ಅಷ್ಟನ್ನು ಚೆನ್ನಾಗಿ ಕಲಿಸಿತ್ತು.

ದುಭಾಷಿ ಫೋನಿನಲ್ಲಿದ್ದಳು, ಬೇರೆ ಊರಿನಿಂದ. ಅವಳ ದನಿಯ ಹಿಂದೆ ಒಂದು ಮಗು ಏನೋ ಬಡಿಯುತ್ತಿತ್ತು. ಇಸೊಗಾಯ್ ಕಾಗದವನ್ನು ಮೇಜಿನ ಮೇಲೆ ಹರಡಿ, ಸಿದ್ಧಮಾಡಿಕೊಂಡಿದ್ದ ಮಾತು ಹೇಳಿದ. ನಿಮ್ಮನ್ನು ಹಿಡಿದ ವರ್ಷವನ್ನು ನಾವು ತಪ್ಪಾಗಿ ಬರೆದಿದ್ದೆವು. ಏಳು ಕೂಡಿಸಿದ್ದೆವು. ಎಂಟು ಕೂಡಿಸಬೇಕಿತ್ತು. ತಪ್ಪು ನಮ್ಮದು. ಇವತ್ತು ಅದನ್ನು ತಿದ್ದಿದ್ದೇವೆ.

ಫೋನಿನಿಂದ ಅವಳ ಭಾಷೆ ಹೊರಟಿತು. ಜೆನೆಬೆಚ್ ಕಿವಿಗೊಟ್ಟು ಕೇಳಿದಳು. ಆಮೇಲೆ ಕಾಗದದ ಮೇಲೆ ಬಗ್ಗಿ, ಎರಡು ಗೆರೆ ಹೊಡೆದ ಅಂಕಿಯ ಮೇಲೆ ಬೆರಳಿಟ್ಟಳು. ಪಕ್ಕದ ಮೂರು ಪುಟ್ಟ ಕೆಂಪು ಮುದ್ರೆಗಳನ್ನು ಮುಟ್ಟಲಿಲ್ಲ, ಬೆರಳನ್ನು ಅವುಗಳ ಮೇಲೆ ಗಾಳಿಯಲ್ಲಿ ಆಡಿಸಿದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದು ಅವನು ಅಂದುಕೊಂಡ. ಕೈ ತೆಗೆದಾಗ ನಗುತ್ತಲೂ ಇದ್ದಳು. ಒಂದೇ ಉಸಿರಿಗೆ ಏನೇನೋ ಹೇಳಿದಳು.

"ನಾನು ಹೇಳ್ತಾನೇ ಇದ್ದೆ ಎಂಟು ಅಂತ," ಎಂದಿತು ಫೋನು. "ಐದು ವರ್ಷ ಹೇಳ್ದೆ. ಯಾರೂ ಕೇಳಿಸ್ಕೊಳ್ಳಲಿಲ್ಲ, ಇವರು ಕೇಳಿಸ್ಕೊಂಡ್ರು. ಹಬ್ಬದ ದಿನವೇ ಕೇಳಿಸ್ಕೊಂಡ್ರು. ಇವತ್ತು ವ್ರತ ಬಿಡ್ತೀನಿ, ಇವರ ಹೆಸರು ಹೇಳಿ ಊಟ ಮಾಡ್ತೀನಿ ಅಂತಿದಾಳೆ. ನಿಮ್ಮ ಹೆಸರೇನು ಅಂತ ಕೇಳ್ತಿದಾಳೆ."

ಇಸೊಗಾಯ್ ಹೆಸರು ಹೇಳಿದ. ಅವಳು ಅದನ್ನು ಎರಡು ಸಲ ಬಾಯಲ್ಲಿ ತಿರುಗಿಸಿ ನೋಡಿದಳು.

"ಇನ್ನೇನಾದ್ರೂ ಹೇಳೋದಿದೆಯಾ?" ದುಭಾಷಿ ಕೇಳಿದಳು.

ಕೊನೆಯ ಸಾಲು ಕಾಗದದ ಬುಡದಲ್ಲಿತ್ತು. ಅವನದೇ ಸಾಲು. ಬಾಗಿಲ ಬಳಿ ಕಾವಲಿನವನು ಗಡಿಯಾರ ನೋಡಿಕೊಂಡ. ಇಸೊಗಾಯ್‌ಗೆ ನಾಲಗೆ ಉಪ್ಪುಪ್ಪಾಗಿತ್ತು.

"ಉಳಿದದ್ದು ಕಾಗದದಲ್ಲಿದೆ," ಎಂದ.

"ಕಾಗದ ಯಾವ ಭಾಷೇಲಿದೆ?"

"ಜಪಾನಿಯಲ್ಲಿ."

ಆ ಕಡೆ ಮಗು ಬಡಿಯುವುದನ್ನು ನಿಲ್ಲಿಸಿತ್ತು. ದುಭಾಷಿ ಉಸಿರಾಡುವುದು ಕೇಳುತ್ತಿತ್ತು. ಅವಳು ಕೇಳಲಿ ಎಂದು ಇಸೊಗಾಯ್ ಕಾದ. ಒಂದು ಮಾತು ಕೇಳಿದ್ದರೆ ಹೇಳಿಬಿಡುತ್ತಿದ್ದ. ಹೇಳುತ್ತಿದ್ದೆನೆಂದು ಆಮೇಲೆ ನೆನಪಿಸಿಕೊಳ್ಳುವುದಕ್ಕಾದರೂ ಅಷ್ಟು ಬೇಕಾಗಿತ್ತು.

"ಸರಿ," ಎಂದಳು ದುಭಾಷಿ. ಫೋನು ನಿಂತಿತು.

ಸ್ವೀಕೃತಿ ಚೀಟಿಯಲ್ಲಿ ಎರಡು ಚೌಕಗಳಿದ್ದವು. ಎಡಗಡೆಯದು ಪಡೆದವರಿಗೆ, ಬಲಗಡೆಯದು ಕೊಟ್ಟವರಿಗೆ. ಅವಳ ಬಳಿ ಮುದ್ರೆ ಇರಲಿಲ್ಲ. ಹೆಬ್ಬೆರಳನ್ನು ಕೆಂಪು ಶಾಯಿಗೆ ಅದ್ದಿ ಎಡ ಚೌಕದಲ್ಲಿ ನೆಟ್ಟಗೆ ಒತ್ತಿದಳು. ಇಸೊಗಾಯ್ ತನ್ನದನ್ನು ಪಕ್ಕದಲ್ಲಿ ಒತ್ತಿದ. ನೋಡಿದ. ಅವನ ಹೆಸರು ಅವಳ ಹೆಬ್ಬೆರಳಿಗೆ ತಲೆಬಾಗಿ ನಿಂತಿತ್ತು.

ಸಾಮಾನು ಕಟ್ಟಿಕೊಳ್ಳುವಂತೆ ಕಾವಲಿನವನು ಕೈಸನ್ನೆ ಮಾಡಿದ. ಅವಳು ಹೂಂ ಹೂಂ ಎನ್ನುತ್ತ ಹೆಚ್ಚುಕಡಿಮೆ ಓಡಿದಳು, ಆ ಪಾದಗಳ ಮೇಲೆ.

ಚೀಟಿಯ ಒಂದು ಪ್ರತಿ ವ್ಯಾನಿನವರಿಗೆ ತಲುಪಬೇಕು. ಇನ್ನೊಬ್ಬರ ಕೈಯಲ್ಲಿ ಕಳಿಸಬಹುದಿತ್ತು. ಅವನೇ ಇಳಿದ. ಹಿಂಬದಿಯ ಗೇಟಿನಲ್ಲಿ ಬೂದು ಬಣ್ಣದ ವ್ಯಾನು ಸ್ಟಾರ್ಟ್ ಆಗಿ ನಿಂತಿತ್ತು, ಕಿಟಕಿಗಳಿಗೆ ಪರದೆ. ಅವನು ಚೀಟಿ ಕೊಟ್ಟ. ಡ್ರೈವರು ಅದನ್ನು ಹಿಂದುಮುಂದು ನೋಡಿ ಹಲಗೆಗೆ ಸಿಕ್ಕಿಸಿಕೊಂಡ. ಮೂರಕ್ಕೆ ಎರಡು ನಿಮಿಷ. ಚಳಿಗಾಲದ ಬಿಸಿಲು ಆಗಲೇ ಅಡ್ಡ ಬಿದ್ದು, ರಸ್ತೆಯ ಮೇಲೆ ಎಲ್ಲದರ ನೆರಳೂ ಉದ್ದವಾಗಿತ್ತು.

ವ್ಯಾನು ಹೊರಟಿತು. ಹೊರಟದ್ದು ಮೂವತ್ತು ಹೆಜ್ಜೆ. ಗೇಟಿನಾಚೆಯ ಸಿಗ್ನಲ್ ಕೆಂಪಾಯಿತು, ನಿಂತಿತು.

ಹಿಂದಿನ ಕಿಟಕಿಯ ಪರದೆ ಸರಿಯಿತು. ಬಿಳಿ ಶಾಲು, ಅದರೊಳಗೆ ಮುಖ. ವ್ಯಾನು ಎಲ್ಲಿಗೆ ಹೊರಟಿದೆ ಎಂದು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಇಸೊಗಾಯ್‌ನನ್ನು ಗುರುತು ಹಿಡಿದಳು. ತಿದ್ದಿದ ಕಾಗದವನ್ನು ಎದೆಗೆ ಒತ್ತಿ ಹಿಡಿದುಕೊಂಡು, ಕುಳಿತಲ್ಲಿಂದಲೇ ತಲೆಬಾಗಿದಳು. ಗಾಜಿಗೆ ಹಣೆ ತಗುಲುವಷ್ಟು.

ಅವನು ಕೈಯೆತ್ತಬಹುದಿತ್ತು. ಓಡಿಹೋಗಿ ಗಾಜು ತಟ್ಟಬಹುದಿತ್ತು, ಬೆರಳಿನಿಂದ ಇಲ್ಲ ಇಲ್ಲ ಎಂದಾದರೂ ತೋರಿಸಬಹುದಿತ್ತು. ಮೂವತ್ತು ಹೆಜ್ಜೆ. ಅವನ ಸೊಂಟ ತಾನಾಗಿಯೇ ಬಾಗಿತು. ಅತಿಥಿಯ ಗಾಡಿ ಕಣ್ಮರೆಯಾಗುವವರೆಗೆ ತಲೆ ಎತ್ತಬಾರದು. ಅದನ್ನು ಅವನಿಗೆ ಯಾರು ಯಾವಾಗ ಕಲಿಸಿದರೋ, ಮರೆಯುವುದು ಸಾಧ್ಯವಿರಲಿಲ್ಲ.

ಅವನಿಗೆ ತನ್ನ ಶೂಗಳ ತುದಿ ಕಾಣುತ್ತಿತ್ತು, ಒಂದು ಸಿಗರೇಟಿನ ತುಂಡು, ಅಡ್ಡ ಬಿದ್ದ ತನ್ನ ನೆರಳು. ನೆರಳು ಎಡಕ್ಕೆ ವಾಲಿತ್ತು. ಸಿಗ್ನಲ್ಲಿನಲ್ಲಿ ಕುರುಡರಿಗಾಗಿ ಇಟ್ಟ ಹಕ್ಕಿಯ ಕೂಗು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಒಂದು ಎಂಜಿನ್ ದೂರವಾಯಿತು. ಇನ್ನೊಂದು ಬಂದು ನಿಂತಿತು. ಅವಳದು ಯಾವುದು ಎಂದು ಅವನಿಗೆ ತಿಳಿಯಲಿಲ್ಲ. ಗೇಟಿನ ಕಾವಲುಗಾರ ಹತ್ತಿರ ಬಂದು, ಸಾರ್, ಎಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಸಾರ್, ಎಂದ.

ಇಸೊಗಾಯ್ ಬಾಗಿಯೇ ಇದ್ದ.